ಬೂದಿ ಬಣ್ಣದ ಎಳೆ

ಬನಹಟ್ಟಿಯ ಈ ಓಣಿಯಲ್ಲಿ ಮಗ್ಗಗಳು ಬೆಳಗಿನ ಏಳಕ್ಕೆ ಶುರುವಾಗುತ್ತವೆ. ಒಂದು ಮಗ್ಗ ಖಟ್ ಎಂದಿತೋ ಇಲ್ಲವೋ, ಅದರ ಬೆನ್ನಿಗೆ ನಲವತ್ತು ಮಗ್ಗ ದನಿಗೂಡಿಸುತ್ತವೆ. ಗೋಡೆ ನಡುಗುತ್ತದೆ, ಗೂಡಿನಲ್ಲಿಟ್ಟ ಚಹಾದ ಬಟ್ಟಲು ನಡುಗುತ್ತದೆ, ಮಾಯಾ ಅವರ ಗಿಡ್ಡ ಮೇಜೂ ನಡುಗುತ್ತದೆ. ಮೇಜು ನಡುಗಿದರೆ ಕೈಯಲ್ಲಿನ ಮೌಸ್ ಜಾರುತ್ತದೆ. ಮೌಸ್ ಜಾರಿದರೆ ರಕ್ತನಾಳದ ನಟ್ಟನಡುವೆ ಇಡಬೇಕಾದ ಚುಕ್ಕೆ ಅದರ ಗೋಡೆಯ ಮೇಲೆ ಹೋಗಿ ಕೂತುಬಿಡುತ್ತದೆ. ಹಾಗಾಗಿ ಮಾಯಾ ಅವರಿಗೆ ಬೆಳಗಾಗುವುದು ನಾಲ್ಕೂವರೆಗೇ.

ಈಗ ಐದು ಗಂಟೆ ಹತ್ತು ನಿಮಿಷ. ಹೊರಕೋಣೆಯಲ್ಲಿ ಮಡಚಿದ ಕಂಬಳಿಯ ಮೇಲೆ ಕೂತು, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಅವರು ಲ್ಯಾಪ್‌ಟಾಪ್ ತೆರೆದಿದ್ದಾರೆ. ಪರದೆಯ ತುಂಬ ಕಪ್ಪು, ಆ ಕಪ್ಪಿನಲ್ಲಿ ಹಸಿರಾಗಿ ಹೊಳೆಯುವ ಎಳೆಗಳ ಗೋಜಲು. ಅದು ಯಾರದೋ ಕಾಲ್ಬೆರಳಿನ ಒಂದು ತುಣುಕು. ತುಣುಕು ಎಂದರೂ ಹೆಚ್ಚಾಯಿತು, ಸಾಸಿವೆ ಕಾಳಿಗಿಂತ ಚಿಕ್ಕದು. ಹೊಳೆಯುವ ಆ ಎಳೆಗಳು ಲೋಮನಾಳಗಳು, ಮೈಯಲ್ಲಿರುವ ರಕ್ತನಾಳಗಳಲ್ಲೆಲ್ಲ ಸಣ್ಣವು. ತಲೆಗೂದಲನ್ನು ಉದ್ದಕ್ಕೆ ಹತ್ತು ಪಾಲು ಸೀಳಿದರೆ ಬರುವಷ್ಟೇ ಅವುಗಳ ದಪ್ಪ.

“ಇವತ್ತ ಇಪ್ಪತ್ಮೂರು ಉಳದಾವ್ರಿ. ಆರನೂರಾ ಮೂವತ್ತೆರಡರಾಗ ಇಪ್ಪತ್ಮೂರು. ಇವು ಬಿಚ್ಚಿದ್ರ ಆತು,” ಎನ್ನುತ್ತಾರೆ ಮಾಯಾ. ದನಿಯಲ್ಲಿ ಕೆಲಸ ಮುಗಿಯುತ್ತಿರುವ ಸಡಗರವೇನೂ ಇಲ್ಲ. ಜಾತ್ರೆಯಿಂದ ನಡೆದುಕೊಂಡು ಬಂದವರು ಮನೆ ಕಂಡಾಗ ಬಿಡುವ ಉಸಿರಿನಂಥದು ಅದು.

ಬಿಚ್ಚುತ್ತಿರುವುದು ಬೇರೆ ಯಾರೋ ಮಾಡಿದ ಕೆಲಸವನ್ನಲ್ಲ, ಅವರೇ ಎಂಟು ತಿಂಗಳು ಕೂತು ಕೂಡಿಸಿದ್ದನ್ನು. ಹೀಗೆ ಬಿಚ್ಚಬೇಕು ಎಂದು ಎದ್ದು ನಿಂತು ಹೇಳಿದವರೂ ಅವರೇ. ಹೇಳಿದ್ದರಿಂದ ಈ ಕೆಲಸ ತಮ್ಮ ಕೈಯಲ್ಲಿ ಉಳಿಯುತ್ತದೋ ಹೋಗುತ್ತದೋ ಎಂಬುದು ಇವತ್ತಿಗೂ ಅವರಿಗೆ ಗೊತ್ತಿಲ್ಲ.

ರಬಕವಿ-ಬನಹಟ್ಟಿಯಲ್ಲಿ ಸೀರೆ ನೇಯುವವರನ್ನು ಎಲ್ಲರೂ ಬಲ್ಲರು. ಸೀರೆ ಮಾರುವವರನ್ನಂತೂ ಊರಾಚೆಯವರೂ ಬಲ್ಲರು. ನಡುವೆ ಒಂದು ಕೆಲಸವಿದೆ, ಅದನ್ನು ಮಾಡುವವರ ಹೆಸರು ಯಾವ ಅಂಗಡಿಯ ಫಲಕದಲ್ಲೂ ಇರುವುದಿಲ್ಲ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದನೆಯ ನೂಲು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಹಚ್ಚಿ, ಬೆರಳಲ್ಲಿ ಹೊಸೆದು ಕೂಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳು ಜಾರದಿರಲೆಂದು ಪಕ್ಕದಲ್ಲಿ ಒಂದು ಚಿಟಿಕೆ ಒಲೆಯ ಬೂದಿ ಇಟ್ಟುಕೊಂಡಿರುತ್ತಾರೆ. ಮೂರು ಸಾವಿರ ಎಳೆ ಇದ್ದರೆ ಮೂರು ಸಾವಿರ ಸಲ ಹೊಸೆಯಬೇಕು. ಒಂದೇ ಒಂದು ಬಿಟ್ಟರೂ ಸೀರೆಯ ಉದ್ದಕ್ಕೆ ಗೆರೆ ಬೀಳುತ್ತದೆ, ಬೈಗುಳ ಕೆಚ್ಚಿದವರ ಮನೆಗೆ ಬರುತ್ತದೆ.

ಮಾಯಾ ಅವರ ಅತ್ತೆ ಲಗಮವ್ವ ನಲವತ್ತು ವರ್ಷ ಇದನ್ನೇ ಮಾಡಿದವರು. ಬೀರೇಶ್ವರನ ಒಕ್ಕಲಿನ ಮನೆತನ. ಮುತ್ತಜ್ಜನ ಕಾಲಕ್ಕೆ ಕುರಿ, ಅಜ್ಜನ ಕಾಲಕ್ಕೆ ಕಂಬಳಿ, ಈಗ ಪವರ್‌ಲೂಮು. ಮಗ ಯಲ್ಲಾಲಿಂಗ ಬೇರೆಯವರ ಕಾರ್ಖಾನೆಯಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಾರೆ. ಗಲಗಲಿಯಿಂದ ಸೊಸೆಯಾಗಿ ಬಂದ ಮಾಯಾ ಜಮಖಂಡಿಯಲ್ಲಿ ಬಿಎಸ್ಸಿ ಓದಿದವರು. ಓದಿದ ಸೊಸೆ ಮಗ್ಗದ ಹಿಂದೆ ಕೂರುತ್ತಾಳೋ ಇಲ್ಲವೋ ಎಂದು ಓಣಿಯವರು ತಲೆ ಕೆಡಿಸಿಕೊಂಡಿದ್ದರಂತೆ. ಬಂದ ಹದಿನೈದನೇ ದಿನಕ್ಕೇ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರು, ಓಣಿಯವರ ತಲೆ ತಣ್ಣಗಾಯಿತು. ಅಲ್ಲಿಂದ ಎಂಟು ವರ್ಷ ಅತ್ತೆಯ ಜೊತೆ ಕೆಚ್ಚಿದ್ದಾರೆ.

“ಅತ್ತಿ ಒಂದ ಮಾತ ಹೇಳಿ ಕೊಟ್ಟಿದ್ರು. ಕಣ್ಣಿಗೆ ತುಂಡ ಎಳಿ ಕಂಡ್ರ ಕೈ ತಾನ ಹೋಗಬೇಕು, ತಲಿ ಕೇಳಬಾರದು ಅಂತ,” ಎಂದು ಮಾಯಾ ನೆನಪಿಸಿಕೊಳ್ಳುತ್ತಾರೆ. “ಆ ಮಾತ ಛಲೋ ಕಲತೆ ನೋಡ್ರಿ. ಅದ ನನಗ ಮುಳುವಾತು.”

ಮೂರು ವರ್ಷದ ಹಿಂದೆ ಜಮಖಂಡಿಯ ಕಾಲೇಜಿನಲ್ಲಿ ಅವರಿಗೆ ಗಣಿತ ಕಲಿಸಿದ್ದ ಶಿವಪುತ್ರ ಸರ್, ಮಗಳ ಮದುವೆಗೆ ಸೀರೆ ನೋಡಲು ಬನಹಟ್ಟಿಗೆ ಬಂದಿದ್ದರು. ನೇಕಾರರ ಮನೆಯಿಂದಲೇ ಕೊಂಡರೆ ಚೆನ್ನ ಎಂದು ಓಣಿ ಓಣಿ ತಿರುಗುವಾಗ ಮಗ್ಗದ ಹಿಂದೆ ಹಳೆಯ ವಿದ್ಯಾರ್ಥಿನಿ ಕಂಡಳು. ಅರ್ಧ ಗಂಟೆ ನಿಂತು ನೋಡಿದರಂತೆ. ಸೀರೆ ಕೊಂಡರೋ ಇಲ್ಲವೋ ಮಾಯಾ ಅವರಿಗೆ ನೆನಪಿಲ್ಲ, ಆದರೆ ಹೋಗುವಾಗ ಸರ್ ಹೇಳಿದ ಮಾತು ನೆನಪಿದೆ: “ಮಾಯಾ, ಈ ಕಣ್ಣು ನನಗ ಬೇಕವಾ.”

ಶಿವಪುತ್ರ ಅವರು ಹಿಪ್ಪರಗಿಯ ಕಡೆಯವರು, ಮಾತು ಕಡಿಮೆ. ಪಾಠ ಮುಗಿಸಿ ಉಳಿದ ವೇಳೆಯಲ್ಲಿ ಅವರು ಮಾಡುವ ಕೆಲಸವೊಂದಿದೆ. ಮೈಯ ಯಾವ ಮೂಲೆಗೆ ಎಷ್ಟು ಆಮ್ಲಜನಕ ಮುಟ್ಟುತ್ತದೆ ಎಂಬುದನ್ನು ಲೆಕ್ಕದಿಂದ ಕಂಡುಹಿಡಿಯುವುದು. ಸೂಜಿ ಚುಚ್ಚಿ ಅಳೆಯಲು ಬಾರದಷ್ಟು ಸಣ್ಣ ಜಾಗಗಳಿವು, ಲೆಕ್ಕವೇ ಗತಿ. ದೂರದ ಊರಿನ ಒಂದು ಪ್ರಯೋಗಾಲಯ ಚಿತ್ರ ತೆಗೆದು ಕಳಿಸುತ್ತದೆ, ಇವರು ಸಮೀಕರಣ ಬರೆಯುತ್ತಾರೆ. ನಡುವೆ ಯಾರಾದರೂ ಚಿತ್ರದ ಮೇಲೆ ಗೆರೆ ಎಳೆಯಬೇಕು. ಯಾವ ನಾಳ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ದಪ್ಪ, ಎಲ್ಲಿ ಕವಲೊಡೆಯುತ್ತದೆ ಎಂದು ಒಂದೊಂದನ್ನೂ ಗುರುತು ಹಾಕಬೇಕು. ಆ ಯಾರಾದರೂ ಎಂಬುವರೇ ಮಾಯಾ.

ಈ ಲೆಕ್ಕವನ್ನು ಶಿವಪುತ್ರ ಅವರು ಊರಿನ ಮಾತಿನಲ್ಲಿ ಹೇಳುತ್ತಾರೆ. “ಕಾಲುವಿ ಬಾಜೂ ಹೊಲ ನೋಡೀರಿಲ್ಲೋ? ನೀರ ಬಿಡದಿದ್ರೂ ಮಣ್ಣ ಹಸಿ ಇರತೈತಿ. ಜಿನುಗತೈತಿ. ದೂರದ ಹೊಲಕ್ಕ ಆ ಜಿನುಗು ಮುಟ್ಟಂಗಿಲ್ಲ. ಮೈಯಾಗೂ ಇಷ್ಟರೀ. ಲೋಮನಾಳದ ಗೋಡಿಯಿಂದ ಆಕ್ಸಿಜನ್ ಜಿನುಗತೈತಿ, ಬಾಜೂಕಿನ ಜೀವಕೋಶ ಉಣ್ಣತಾವು. ದೂರ ಇದ್ದವು ಉಪಾಸ.” ಕವಲೊಡೆದ ಕಡೆ ಇನ್ನೊಂದು ತೊಡಕು. ಆಮ್ಲಜನಕ ಹೊತ್ತ ಕೆಂಪು ರಕ್ತಕಣಗಳು ಎರಡೂ ದಾರಿಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ. “ಕಬ್ಬಿನ ಟ್ರ್ಯಾಕ್ಟರು ಅಗಲ ದಾರಿ ಹಿಡೀತಾವು, ಸಣ್ಣ ದಾರಿಗೆ ಬರೇ ಮೋಟರ್‌ಸೈಕಲ್ ಹೋಗತಾವು. ಹಂಗ. ದಾರಿ ಇದ್ರ ಸಾಕಾಗಂಗಿಲ್ಲ, ಮಾಲ ಹೊತ್ತದ್ದು ಹೋಗತೈತೋ ಇಲ್ಲೋ ನೋಡಬೇಕು.”

ಅಂದರೆ ಒಂದು ಗೆರೆ ತಪ್ಪಿದರೆ ಅದರ ಸುತ್ತಲಿನ ಲೆಕ್ಕವೆಲ್ಲ ತಪ್ಪಿತು. ಇಲ್ಲದ ನಾಳವೊಂದನ್ನು ಇದೆ ಎಂದು ಎಳೆದರೆ, ಒಣಗಿ ಸಾಯುತ್ತಿರುವ ಜಾಗ ಕಾಗದದ ಮೇಲೆ ಹಸಿಯಾಗಿ ಕಾಣುತ್ತದೆ.

ಮೊದಲ ಆರು ತುಣುಕುಗಳು ಆರೋಗ್ಯವಂತರ ಚರ್ಮದವು. ಅವುಗಳಲ್ಲೂ ನಾಳಗಳು ಅಲ್ಲಲ್ಲಿ ತುಂಡಾದಂತೆ ಕಾಣುತ್ತಿದ್ದವು. ಅದು ಬಣ್ಣ ಸರಿಯಾಗಿ ಹಿಡಿಯದೆ ಆದ ತುಂಡು, ನಿಜವಾದ ತುಂಡಲ್ಲ. ಎರಡು ತುದಿ ಎದುರುಬದುರು ಇದ್ದರೆ ಕೂಡಿಸಿ ಎಂದು ಸೂಚನೆಯ ಹಾಳೆಯಲ್ಲಿ ಬರೆದಿತ್ತು. ಕೆಚ್ಚುವ ಕೈಗೆ ಇನ್ನೇನು ಬೇಕು? ಗೆರೆ ಎಳೆಯುವವರು ಆಗ ನಾಲ್ಕು ಜನ ಇದ್ದರು. ಎಲ್ಲರ ಕೆಲಸ ತಾಳೆ ನೋಡಿದಾಗ ಮಾಯಾ ಅವರದು ನೂರಕ್ಕೆ ತೊಂಬತ್ತೆಂಟು ಸರಿ. ಪ್ರಯೋಗಾಲಯದವರು ಇದಕ್ಕೆ ‘ಬನಹಟ್ಟಿ ಕೈ’ ಎಂದೇ ಹೆಸರಿಟ್ಟರು. ಉಳಿದ ಮೂವರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಕಣ್ಣು ನೋಯುವ ಕೆಲಸ, ಹೊಗಳಿಕೆಯೊಂದನ್ನೇ ತಿಂದು ಎಷ್ಟು ದಿನ ಕೂರುತ್ತಾರೆ.

ಮಾಯಾ ಕೂತರು. ಬೆಳಿಗ್ಗೆ ಎರಡೂವರೆ ತಾಸು. ಆಮೇಲೆ ನೀರು, ಅಡಿಗೆ, ಬಟ್ಟೆ. ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತರೆ ಬ್ಯಾಟರಿ ಇರುವಷ್ಟು ಹೊತ್ತು ಮತ್ತೆ. ಓಣಿಯಲ್ಲಿ ಕರೆಂಟ್ ಹೋದರೆ ಮುಖ ಅರಳುವುದು ಇದೊಂದೇ ಮನೆಯಲ್ಲಿ. “ನಾನು ಮಗ್ಗ ನಿಂತು ತಲಿ ಮ್ಯಾಲ ಕೈ ಇಟ್ಗೊಂಡು ಮನಿಗೆ ಬರತೇನಿ, ಇಕಿ ನಗಾಕತ್ತಿರತಾಳು,” ಎಂದು ಯಲ್ಲಾಲಿಂಗ ಒಳಗಿನಿಂದಲೇ ಚೇಷ್ಟೆ ಮಾಡುತ್ತಾರೆ. ದಿನಕ್ಕೆ ಇಪ್ಪತ್ತು ನಾಳ, ಒಳ್ಳೆಯ ದಿನ ಇಪ್ಪತ್ತೈದು. ಒಂದು ನಾಳಕ್ಕೆ ಎಂಟು ಹತ್ತು ಚುಕ್ಕೆ. ಮೂವತ್ತಮೂರನೇ ವಯಸ್ಸಿಗೇ ಕನ್ನಡಕ, ಕುತ್ತಿಗೆಯಲ್ಲಿ ಸದಾ ಹಿಡಿದುಕೊಂಡ ನರ, ಸಂಜೆಯಾದರೆ ಕಣ್ಣಿಗೆ ಹನಿ. ರೊಟ್ಟಿ ಬಡಿಯುವಾಗಲೂ ಹಂಚಿನ ಮೇಲೆ ಹಸಿರು ಎಳೆಗಳು ಓಡಾಡುತ್ತವೆ ಎಂದು ಅವರು ಹೇಳುವಾಗ ನಗು ಬರುತ್ತದೆ, ಜೊತೆಗೇ ಸಂಕಟವೂ ಆಗುತ್ತದೆ.

ಏಳನೆಯ ತುಣುಕು ಬಂದದ್ದು ಹೋದ ವರ್ಷ. ಇದು ಬೇರೆ ಥರದ್ದು. ಸಕ್ಕರೆ ಕಾಯಿಲೆಯಿಂದ ಗಾಯ ಮಾಯದೆ ಕೊನೆಗೆ ತೆಗೆದುಹಾಕಿದ ಕಾಲ್ಬೆರಳು, ರೋಗಿಯ ಒಪ್ಪಿಗೆ ಪಡೆದು ಕೊಟ್ಟದ್ದು. ಬೆರಳಿನವರ ಹೆಸರಿಲ್ಲ, ಊರಿಲ್ಲ, ನಂಬರ್ ಏಳು ಅಷ್ಟೆ. ಇದರಲ್ಲಿ ತುಂಡುಗಳು ಎಲ್ಲಿ ನೋಡಿದರಲ್ಲಿ. ತುಂಡಿನ ನಡುವೆ ಕಂಡೂ ಕಾಣದಂಥ ತೆಳ್ಳನೆಯ ಎಳೆ. ಎಂಟು ತಿಂಗಳು ಕೂತು ಮಾಯಾ ಎಲ್ಲವನ್ನೂ ಕೂಡಿಸಿದರು. ಇಂಥ ಹಾಳಾದ ಹಾಸನ್ನು ಸರಿಮಾಡಿದೆನಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದನ್ನು ಅವರೇ ಒಪ್ಪಿಕೊಳ್ಳುತ್ತಾರೆ.

ಜಮಖಂಡಿಯಲ್ಲಿ ಶಿವಪುತ್ರ ಅವರ ಲೆಕ್ಕ ಅಲ್ಲಿಂದ ಹಳ್ಳ ಹಿಡಿಯಿತು. ಲೆಕ್ಕದ ನಕ್ಷೆ ಇಡೀ ತುಣುಕಿಗೆ ಧಾರಾಳ ಆಮ್ಲಜನಕ ಮುಟ್ಟುತ್ತಿದೆ ಎಂದಿತು. ಅದೇ ತುಣುಕಿನ ಪಕ್ಕದ ಪದರಕ್ಕೆ, ಉಸಿರು ಸಾಲದ ಜೀವಕೋಶಗಳು ಕಂದಾಗುವಂಥ ಬಣ್ಣ ಹಾಕಿ ನೋಡಿದರೆ ಒಂದು ಮೂಲೆ ಪೂರ್ತಿ ಕಂದು. ಉಪವಾಸ ಸಾಯುತ್ತಿದ್ದ ಜಾಗವನ್ನು ಲೆಕ್ಕ ಹೊಟ್ಟೆ ತುಂಬಿದೆ ಅನ್ನುತ್ತಿತ್ತು. ಜೀವಕೋಶಗಳ ಹಸಿವನ್ನು ತಾವೇ ಕಡಿಮೆ ಹಿಡಿದಿರಬೇಕೆಂದು ಸರ್ ಆ ಅಂಕಿಯನ್ನು ಏರಿಸಿದರು. ನಕ್ಷೆಯಲ್ಲಿ ಕಪ್ಪು ಎಂದರೆ ಆಮ್ಲಜನಕ ಮುಟ್ಟದ ಜಾಗ, ಕೆಂಪು ಎಂದರೆ ಧಾರಾಳ ಮುಟ್ಟಿದ್ದು. ಆಗ ಒಂದು ಮೂಲೆಯ ಬದಲು ಇಡೀ ತುಣುಕೇ ಕಪ್ಪಾಯಿತು. ಇಳಿಸಿದರೆ ಎಲ್ಲ ಕೆಂಪು. ಮೂರು ತಿಂಗಳು ಏರಿಸುವುದು, ಇಳಿಸುವುದು. ಬನಹಟ್ಟಿ ಕೈಯ ಮೇಲೆ ಅನುಮಾನ ಪಡುವುದು ಅವರ ತಲೆಗೆ ಬರಲೇ ಇಲ್ಲ.

ಅನುಮಾನ ಪಟ್ಟವರು ಶಾಲೆಯ ಮೆಟ್ಟಿಲು ಹತ್ತದ ಲಗಮವ್ವ. ಪೊರೆ ತೆಗೆಸಿಕೊಂಡು ಕಣ್ಣು ಹೊಸದಾಗಿತ್ತು. ಹೊಸ ಕಣ್ಣು ಬಂದವರಿಗೆ ಎಲ್ಲದರಲ್ಲೂ ತಪ್ಪು ಕಾಣುತ್ತದೆ, ಪಾತ್ರೆಯ ಮಸಿಯಿಂದ ಹಿಡಿದು ಸೊಸೆಯ ಹಣೆಯ ಕುಂಕುಮದವರೆಗೆ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಸೊಸೆಯ ಹಿಂದೆ ಕೂತು ಪರದೆ ನೋಡುತ್ತಿದ್ದವರು ಕೇಳಿದರು: “ಮಾಯಾ, ಇವು ಕೆಚ್ಚೂಕಿಂತ ಮೊದಲ ಜಗ್ಗಿ ನೋಡಿದ್ಯಾ?”

ಕೆಚ್ಚುವವರು ಹಳೆಯ ಎಳೆಯನ್ನು ಕೂಡಿಸುವ ಮುನ್ನ ಮೆಲ್ಲಗೆ ಜಗ್ಗುತ್ತಾರೆ. ಒಳಗೇ ಸವೆದು ಪಿಸಿದ ಎಳೆ ಜಗ್ಗಿದರೆ ತುಂಡಾಗಿ ಕೈಗೆ ಬರುತ್ತದೆ, ಅಂಥದನ್ನು ಕೂಡಿಸಿ ಪ್ರಯೋಜನವಿಲ್ಲ.

“ಇದನ್ನ ಹೆಂಗ ಜಗ್ಗೂದ್ರಿ ಅತ್ತಿ, ಇದ ಚಿತ್ರ,” ಎಂದರು ಮಾಯಾ.

“ಚಿತ್ರ ಇರವಲ್ದ್ಯಾಕ. ಉಳದವು ನೋಡು, ಹೊಟ್ಟಿ ಉಬ್ಬಿಸಿಕೊಂಡು ಅಡ್ಯಾಡಾಕತ್ತಾವು. ಒಳಗ ಎಳ್ಳಿನಂಗ ಚುಕ್ಕಿ ಕಾಣತಾವು. ಇದರಾಗ ಏನೈತಿ? ಬರೇ ಸಿಪ್ಪಿ. ಸತ್ತ ಎಳಿ ಇದು. ಇದನ್ನ ಯಾಕ ಕೆಚ್ಚಿದ್ಯ ಬೇ?”

ಮಾಯಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಹಸಿರು ನಾಳಗಳ ಒಳಗೆ ಸಣ್ಣ ಕಪ್ಪು ಕಾಳುಗಳು, ಅವು ರಕ್ತಕಣಗಳ ನೆರಳು. ತಾವು ಕೂಡಿಸಿದ ತೆಳ್ಳನೆಯ ಎಳೆಯಲ್ಲಿ ಒಂದೂ ಕಾಳಿಲ್ಲ. ಪಕ್ಕದ್ದರಲ್ಲಿಲ್ಲ, ಅದರಾಚೆಯದರಲ್ಲಿಲ್ಲ. ನಾಳ ಎಂದೋ ಸತ್ತು, ಅದರ ಹೊರಗಿನ ಪೊರೆಯಷ್ಟೇ ನೂಲಿನ ಹಾಗೆ ಉಳಿದಿದೆ. ಎಳೆ ಇದೆ, ರಕ್ತವಿಲ್ಲ. ನೂಲಿನ ಜೊತೆ ಬದುಕಿದ ಕಣ್ಣು ಎಳೆ ಕಂಡೊಡನೆ ಕೂಡಿಸಿಬಿಟ್ಟಿತ್ತು. ನೂಲು ಗೊತ್ತಿಲ್ಲದವರು ಪ್ರಾಯಶಃ ಈ ತಪ್ಪು ಮಾಡುತ್ತಿರಲಿಲ್ಲ, ಅವರಿಗೆ ಆ ಎಳೆಯೇ ಕಾಣುತ್ತಿರಲಿಲ್ಲ.

ಮಾಯಾ ಮತ್ತೆ ಮೊದಲ ಪದರಕ್ಕೆ ಹೋದರು. ಎರಡು ದಿನ ಎಣಿಸಿದರು. ನಾಲ್ಕು ಸಾವಿರದ ಎಂಟುನೂರು ನಾಳಗಳಲ್ಲಿ ಸತ್ತದ್ದನ್ನು ಬದುಕಿದೆ ಎಂದು ಎಳೆದದ್ದು ಆರುನೂರಾ ಮೂವತ್ತೆರಡು. ಮತ್ತೆರಡು ದಿನ ಸುಮ್ಮನಿದ್ದರು.

ಸುಮ್ಮನಿರಲು ಕಾರಣವಿತ್ತು. ಪ್ರಯೋಗಾಲಯದಲ್ಲಿ ಗೆರೆ ಎಳೆಯುವ ಪ್ರೋಗ್ರಾಮ್ ಒಂದನ್ನು ಸಿದ್ಧಪಡಿಸುತ್ತಿದ್ದರು. ಅದಕ್ಕಿಂತ ಬನಹಟ್ಟಿ ಕೈ ಚೊಕ್ಕವಾಗಿರುವ ತನಕ ಕೆಲಸ ಕೈಗೇ ಇರಲಿ ಎಂದು ಅವರು ಹೇಳಿದ್ದರು. ಆರುನೂರಾ ಮೂವತ್ತೆರಡು ತಪ್ಪು ಎಂದು ತಾನೇ ಹೋಗಿ ಹೇಳಿದರೆ ಕೈ ಚೊಕ್ಕವಾಗಿದೆ ಎಂದು ಯಾರು ನಂಬುತ್ತಾರೆ? ಮತ್ತೆ ಬೂದಿ, ಮತ್ತೆ ಮಗ್ಗದ ಹಿಂದಿನ ಕತ್ತಲೆ. ಓದಿದ್ದಕ್ಕೆ ಸಾರ್ಥಕವಾಯಿತು ಎನಿಸಿದ ಒಂದೇ ಕೆಲಸ ಇದು. ಇತ್ತ ಶಿವಪುತ್ರ ಸರ್ ಅಂಕಿಯನ್ನು ಹೇಗೋ ಹೊಂದಿಸಿ ಲೇಖನ ಕಳಿಸುವ ಹಂತಕ್ಕೆ ಬಂದಿದ್ದರು. ಅವರಿಗೆ ತಪ್ಪು ಸಿಕ್ಕಿರಲಿಲ್ಲ, ಸಿಗುವ ದಾರಿಯೂ ಇರಲಿಲ್ಲ. ಬಾಯಿ ಬಿಡದಿದ್ದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಅತ್ತಿಗೆ ಗೊತ್ತಿತ್ತಲ್ರಿ,” ಎಂದು ಮಾಯಾ ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ: “ಅದಕ್ಕಲ್ಲ ಖರೆ. ಆ ಏಳನೇ ನಂಬರಿನವರ ಬಗ್ಗೆ ವಿಚಾರ ಬರಾಕತ್ತು. ಅವರ ಬೆರಳಿಗೆ ರಕ್ತ ಹೋಗಲಿಲ್ಲ, ಅದಕ್ಕ ಬೆರಳ ಹೋತು. ನಾ ಇಲ್ಲಿ ಕುಂತು ಹೋಗೇತಿ ಅಂತ ಬರದೇನಿ. ನಾ ಕೂಡಿಸಿದ್ರ ಅವರಿಗೆ ರಕ್ತ ಹೋಗತೈತೇನ್ರಿ?”

ಐದನೆಯ ದಿನ ಜಮಖಂಡಿಯ ಬಸ್ಸು ಹತ್ತಿದರು. ಕಾಲೇಜಿನಲ್ಲಿ ಅಧ್ಯಾಪಕರ ಕೋಣೆ ಖಾಲಿ ಇತ್ತು. ಸರ್ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತಿದ್ದರು. “ಸರ, ಏಳನೇ ನಂಬರಿನಾಗ ನಂದ ತಪ್ಪ ಆಗೇತ್ರಿ,” ಎಂದು ಮಾಯಾ ನಿಂತುಕೊಂಡೇ ಎಲ್ಲ ಹೇಳಿದರು. ಹೇಳಿ ಮುಗಿದ ಮೇಲೂ ಸರ್ ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದರಂತೆ.

“ಮೂರ ತಿಂಗಳ ನಾ ಹಸಿವಿನ ಅಂಕಿ ತಿರುವಿದೆ,” ಎಂದರು ಕೊನೆಗೆ. “ತಪ್ಪ ನಿಂದಷ್ಟ ಅಲ್ಲವಾ. ರಕ್ತ ಇಲ್ಲದ ನಾಳನೂ ಇರತಾವು ಅಂತ ನಾ ನಿನಗ ಹೇಳಿರಲೇ ಇಲ್ಲ. ತುಂಡಾದದ್ದು ಕೂಡಸು ಅಂದಿದ್ದೆ, ಕೂಡಿಸಿದಿ.” ಆಮೇಲೆ ಇನ್ನೊಂದು ಮಾತು ಹೇಳಿದರು. ಪ್ರಯೋಗಾಲಯದ ಪ್ರೋಗ್ರಾಮ್ ಕಲಿಯುತ್ತಿರುವುದು ಮಾಯಾ ಎಳೆದ ಗೆರೆಗಳನ್ನು ನೋಡಿಯೇ. ಈಗ ಅದೂ ಸತ್ತ ಎಳೆಗಳನ್ನು ಕೂಡಿಸತೊಡಗಿದೆ.

“ನನ್ನ ತಪ್ಪ ಅದಕ್ಕೂ ಕಲಿಸೀನೇನ್ರಿ?” ಎಂದು ಕೇಳಿ, ಅಷ್ಟು ಹೊತ್ತು ತಡೆದುಕೊಂಡಿದ್ದ ಮಾಯಾ ಅಲ್ಲೇ ಅತ್ತರು.

ಅಲ್ಲಿಂದ ಬಿಚ್ಚುವ ಕೆಲಸ ಶುರು. ಅಳಿಸಿ ಹಾಕಿದರೆ ಒಂದು ವಾರದ ಕೆಲಸ. ಆದರೆ ಮಾಯಾ ಅಳಿಸಲು ಒಪ್ಪಲಿಲ್ಲ. ಎಳೆ ಇರುವುದು ನಿಜ, ಅದನ್ನು ಇಲ್ಲವೆಂದರೆ ಅದೂ ಸುಳ್ಳೇ. ಕೂಡಿಸು ಅಥವಾ ಅಳಿಸು ಎಂಬ ಎರಡೇ ಗುಂಡಿ ಇದ್ದಲ್ಲಿ ಅವರಿಗೆ ಮೂರನೆಯದು ಬೇಕಿತ್ತು. ಸರ್ ಪ್ರಯೋಗಾಲಯಕ್ಕೆ ಬರೆದರು. ಸತ್ತ ನಾಳದ ಸಿಪ್ಪೆ ಎಲ್ಲೆಲ್ಲಿದೆ ಎಂದು ಗೊತ್ತಿದ್ದರೆ ಬಹಳ ಉಪಯೋಗ, ಕೆಲವೊಮ್ಮೆ ಹೊಸ ನಾಳ ಅದೇ ಸಿಪ್ಪೆ ಹಿಡಿದು ಬೆಳೆಯುತ್ತದೆ ಎಂದು ಅಲ್ಲಿಂದ ಉತ್ತರ ಬಂತು. ಮೂರನೆಯ ಗುಂಡಿ ಬಂತು. ಯಾವ ಬಣ್ಣ ಕೊಡಲಿ ಎಂದು ಕೇಳಿದಾಗ ಮಾಯಾ ಯೋಚಿಸದೆ ಬೂದಿ ಎಂದುಬಿಟ್ಟರು. ಈಗ ಪ್ರಯೋಗಾಲಯದ ಕಡತಗಳಲ್ಲೂ ಅದರ ಹೆಸರು ಬೂದಿ.

ಪ್ರತಿ ಎಳೆಗೂ ಹಿಂದಕ್ಕೆ ಹೋಗಿ, ರಕ್ತವಿರುವ ನಾಳ ಎಲ್ಲಿ ಮುಗಿಯುತ್ತದೆ ಎಂದು ಇನ್ನೂರಾ ನಲವತ್ತು ಪದರಗಳಲ್ಲಿ ಹುಡುಕಬೇಕು. ಕಾಳು ಕಂಡರೆ ನಾಳ, ಕಾಣದಿದ್ದರೆ ಬೂದಿ. ಅತ್ತೆಯ ಮಾತಿನಂತೆ ಇದಕ್ಕೆ ಅವರು ಜಗ್ಗಿ ನೋಡುವುದು ಎನ್ನುತ್ತಾರೆ. ದಿನಕ್ಕೆ ನಾಲ್ಕೋ ಐದೋ ಆಗುತ್ತವೆ, ಕಣ್ಣು ನೊಂದ ದಿನ ಅದೂ ಇಲ್ಲ. ಕೂಡಿಸುವಾಗ ಬೆರಳು ತಾನೇ ಓಡುತ್ತಿತ್ತು. ಬಿಡುವಾಗ ಒಂದೊಂದಕ್ಕೂ ಬೆರಳನ್ನು ತಡೆಯಬೇಕು. “ದಣಿವ ಕಣ್ಣಿಂದಲ್ರಿ, ಕೈಯಿಂದು,” ಎನ್ನುತ್ತಾರೆ. “ತುಂಡ ಕಂಡು ಸುಮ್ನ ಬಿಡೂದು ಬಾಳ ತ್ರಾಸ. ಇಷ್ಟ ವರ್ಷ ಕಲತದ್ದು ಮರೀಬೇಕಲ್ಲ.”

ಹೋದ ವಾರ ಶಿವಪುತ್ರ ಸರ್ ಅಲ್ಲಿಯವರೆಗೆ ಬಿಚ್ಚಿದ್ದನ್ನು ಹಾಕಿ ಲೆಕ್ಕ ಮಾಡಿದರು. ಹಸಿವಿನ ಅಂಕಿಯನ್ನು ಮೊದಲಿದ್ದಲ್ಲಿಗೇ ಇಟ್ಟಿದ್ದರು. ನಕ್ಷೆಯ ಒಂದು ಮೂಲೆ ಕಪ್ಪಾಯಿತು, ಆ ಒಂದೇ ಮೂಲೆ. ಕಂದು ಬಣ್ಣದ ಪದರದ ಮೇಲೆ ಇಟ್ಟು ನೋಡಿದರೆ ಹೆಚ್ಚು ಕಡಿಮೆ ಕೂತುಕೊಂಡಿತು. ಫೋನಿನಲ್ಲಿ ಸರ್ “ಕಪ್ಪ ಬಂತವಾ, ಮಾಯಾ, ಕಪ್ಪ ಬಂತು” ಎಂದು ಕೂಗಿದರಂತೆ. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ಮಾಯಾ ಹಿಂದೆಂದೂ ಕೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಅದು ಒಬ್ಬರ ಬೆರಳು ಸತ್ತ ಜಾಗ.

ಪ್ರೋಗ್ರಾಮ್ ಈಗ ಬೂದಿಯನ್ನೂ ಕಲಿಯುತ್ತಿದೆ. ಕಲಿತು ಮುಗಿದರೆ ಎಂಟನೆಯ ತುಣುಕು ಬನಹಟ್ಟಿಗೆ ಬರುವುದಿಲ್ಲ ಎಂದು ಪ್ರಯೋಗಾಲಯದಿಂದ ಪತ್ರ ಬಂದಿದೆ. ಪರೀಕ್ಷಿಸಲಿಕ್ಕಾದರೂ ಈ ಕಣ್ಣು ಇರಲಿ ಎಂದು ಸರ್ ಬರೆದಿದ್ದಾರೆ, ಉತ್ತರ ಬಂದಿಲ್ಲ. ಇಪ್ಪತ್ಮೂರನ್ನು ನಿಧಾನ ಮಾಡಬಹುದಿತ್ತಲ್ಲ ಎಂದು ಕೇಳಿದರೆ ಮಾಯಾ ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

“ನನ್ನ ಕೆಲಸ ಅದಕ್ಕ ಹೋದ್ರ ಹೋಗಲ್ರಿ. ತಪ್ಪ ಕಲತು ಹೋಗೂದು ಬ್ಯಾಡ.”

ಆರೂ ಐವತ್ತು. ಕಿಟಕಿಯಲ್ಲಿ ಬೆಳಕಾಗಿದೆ. ಲಗಮವ್ವ ಚಹಾ ತಂದು ಮೇಜಿನ ಅಂಚಿಗಿಟ್ಟು, ಎಂದಿನಂತೆ ಹಿಂದೆ ಕೂತಿದ್ದಾರೆ. ಬೆಳಗಿನಿಂದ ನಾಲ್ಕು ಎಳೆ ಆಗಿವೆ, ಇದು ಐದನೆಯದು. ಇವತ್ತು ಇದಾದರೆ ಇನ್ನು ಹದಿನೆಂಟು. ಪರದೆಯ ಮೇಲೆ ಎರಡು ತುದಿ ಎದುರುಬದುರು ನಿಂತಿವೆ, ನಡುವೆ ಕೂದಲೆಳೆಯಷ್ಟು ಜಾಗ. ಮಾಯಾ ಅವರ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ತಾಗಿ, ಅವರಿಗೇ ತಿಳಿಯದೆ, ಒಂದು ಸಲ ಹೊಸೆಯುತ್ತದೆ. ಆಮೇಲೆ ನಿಲ್ಲುತ್ತದೆ. ಪದರದ ಮೇಲೆ ಪದರ ಸರಿಸಿ ಅವರು ಕಾಳು ಹುಡುಕುತ್ತಾರೆ. ಇಲ್ಲ.

“ಜಗ್ಗಿ ನೋಡಿದ್ಯಾ?” ಎನ್ನುತ್ತಾರೆ ಹಿಂದಿನಿಂದ ಲಗಮವ್ವ.

“ನೋಡೇನ್ರಿ ಅತ್ತಿ.” ಮಾಯಾ ಮೂರನೆಯ ಗುಂಡಿ ಒತ್ತುತ್ತಾರೆ. ಎಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಓಣಿಯ ಆ ತುದಿಯಲ್ಲಿ ಮೊದಲ ಮಗ್ಗ ಖಟ್ ಎನ್ನುತ್ತದೆ, ಬಟ್ಟಲಿನ ಚಹಾ ಅಲುಗುತ್ತದೆ, ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಕನ್ನಡಕ ಮತ್ತೆ ಹಾಕಿಕೊಂಡು ಹೇಳುತ್ತಾರೆ:

“ಆ ಏಳನೇ ನಂಬರಿನವರು ಎಲ್ಲೋ ಆರಾಮ ಇರಲಿ. ನಾ ಯಾರಂತ ಅವರಿಗೆ ಗೊತ್ತಾಗೂದು ಬ್ಯಾಡ. ಅವರ ಬೆರಳಿಗೆ ಏನ ಆಗಿತ್ತೋ ಅದನ್ನ ಈಗ ಖರೆ ಬರದೇನಿ. ಅಷ್ಟರೀ.”